ಬಿಎಡ್ ಬಿಟ್ರ ಇನ್ನೇನೈತ್ರೀ?

ನಮ್ಮ ಸಿರುಗುಪ್ಪದಲ್ಲಿ ಸಂಶೋಧನೆ ಅಂದಕೂಡಲೇ ನೆನಪಾಗುವುದು ಕೃಷಿ ಸಂಶೋಧನಾ ಕೇಂದ್ರ. ಇನ್ನೂ ಸ್ವಲ್ಪ ಓದಿಕೊಂಡವರಾದರೆ ತೆಕ್ಕಲಕೋಟೆ ಗುಡ್ಡದ ಮಾತೆತ್ತುತ್ತಾರೆ. ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ 1963-64ರಲ್ಲಿ ಅಲ್ಲಿ ಅಗೆಸಿ, ನವಶಿಲಾಯುಗದ ಜನರ ನೆಲೆಯನ್ನು ತೋರಿಸಿಕೊಟ್ಟರು. ಮಣ್ಣಿನ ಮೇಲಿನ, ಮಣ್ಣಿನೊಳಗಿನ ಸಂಶೋಧನೆ ನಮಗೆ ಹೊಸದಲ್ಲ. ಬೆಳಕಿನ ಮೇಲೂ ಪಿಎಚ್‌ಡಿ ಮಾಡಬಹುದು ಎಂದರೆ ಮಾತ್ರ, ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದವರು ತಲೆಯೆತ್ತಿ ನೋಡುತ್ತಾರೆ.

ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಪರಿಚಯದವರೊಬ್ಬರ ಮಗಳು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. "ಬಿಎಡ್ ಬಿಟ್ರ ಇನ್ನೇನೈತ್ರೀ ಸರ?" ಎಂದು ಕೇಳಿದರು. ಐತ್ರೀ, ಬಾಳ ಐತಿ ಎಂದೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6,003 ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿತು. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬಂದಿರುವುದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ. ಅದೇ ಊರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯವಿದೆ. ಇಂಥ ಕಡೆ ಲೇಸರ್ ಬೆಳಕನ್ನು ವಿಶೇಷ ಸ್ಫಟಿಕದೊಳಗೆ ಹಾಯಿಸುತ್ತಾರೆ. ಅಪರೂಪಕ್ಕೆ ಒಂದು ಫೋಟಾನು ಒಡೆದು ಎರಡಾಗುತ್ತದೆ. ಆ ಜೋಡಿಯನ್ನು ಬಳಸಿ, ನಡುವೆ ಯಾರಾದರೂ ಕದ್ದು ನೋಡಿದರೆ ಗೊತ್ತಾಗಿಬಿಡುವಂಥ ಗುಪ್ತ ಕೀಲಿ ಕಳಿಸುತ್ತಾರೆ.

ರಾಮನ್ ಸಂಸ್ಥೆ ಅಂದರೆ ನನಗೆ ಪಂಚರತ್ನಂ ನೆನಪಾಗದೆ ಇರುವುದಿಲ್ಲ. 1956, ಅಲ್ಲಿ ಸಂಶೋಧನೆ ಮಾಡುತ್ತಿದ್ದ ಎಸ್. ಪಂಚರತ್ನಂ ಅವರಿಗೆ ಇಪ್ಪತ್ತೆರಡರ ಹರೆಯ. ಬೆಳಕಿನ ಧ್ರುವೀಕರಣವನ್ನು ಹಂತಹಂತವಾಗಿ ಬದಲಿಸುತ್ತ ಮೊದಲಿದ್ದ ಸ್ಥಿತಿಗೇ ತಂದು ನಿಲ್ಲಿಸಿದರೂ, ಹಾದುಬಂದ ದಾರಿಯ ಗುರುತು ಆ ಅಲೆಯಲ್ಲಿ ಉಳಿದಿರುತ್ತದೆ ಎಂದು ಅವರು ತೋರಿಸಿದರು. ಹೆಚ್ಚು ಜನ ಗಮನಿಸಲಿಲ್ಲ. 1969ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಇಂಥದೇ ಗುಣ ಕಂಡರು. ಬೆಂಗಳೂರಿನವರು ಪಂಚರತ್ನಂ ಕೆಲಸದತ್ತ ಬೆರಳು ತೋರಿದ ಮೇಲೆ, 1987ರಲ್ಲಿ ಅದರ ಹಿರಿಮೆಯನ್ನು ಬೆರ್ರಿ ತಾವೇ ಬರೆದರು. ಓದಿದಾಗಲೆಲ್ಲ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ.

ಗಿರಣಿಯವರಿಗೆ ಇದ್ದದ್ದು ಖರ್ಚಿನ ಚಿಂತೆ. ಓದುವವರಿಗೇ ತಿಂಗಳಿಗೆ ಹಣ ಕೊಡುತ್ತಾರೆ ಎಂದರೆ ನಂಬಲಿಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಲ್ಲಿ 37,000 ರೂಪಾಯಿ, ಎರಡು ವರ್ಷ ಕಳೆದು ಸೀನಿಯರ್ ಆದ ಮೇಲೆ 42,000. ಗೇಟ್, ಜೆಸ್ಟ್ ಪರೀಕ್ಷೆಗಳ ದಾರಿಯೂ ಉಂಟು. ಬಿಎಸ್ಸಿ ಮುಗಿಸಿದವರು ಜಾಮ್ ಬರೆದು ಟಾಟಾ ಇನ್‌ಸ್ಟಿಟ್ಯೂಟಿನ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಹೋಗಬಹುದು. ನಮ್ಮ ಡಿಗ್ರಿ ಕಾಲೇಜುಗಳ ಮೇಷ್ಟ್ರುಗಳು ಇದನ್ನು ಮೊದಲ ವರ್ಷದಲ್ಲೇ ಹೇಳಬೇಕು. ಕೊನೆಯ ಸೆಮಿಸ್ಟರಿನಲ್ಲಿ ತಿಳಿದರೆ ತಯಾರಿಗೆ ಹೊತ್ತೆಲ್ಲಿ?

ಮಗಳು ಕೇಳಿದ್ದು ಬೇರೆ: "ಥಿಯರಿ ತಗೊಳ್ಳಲೇನ್ರೀ ಅಂಕಲ್, ಪ್ರಯೋಗಾನೋ?" ಎರಡಕ್ಕೂ ಲೀನಿಯರ್ ಆಲ್ಜೀಬ್ರಾ ಗಟ್ಟಿಯಿರಲಿ ಎಂದೆ. ಆದರೆ ಅಪ್ಪನ ಸ್ಕೂಟರ್ ತಾನೇ ಬಿಚ್ಚಿ ರಿಪೇರಿ ಮಾಡುವ ಹುಡುಗಿ ಅವಳು. ಕನ್ನಡಿ, ಮಸೂರಗಳನ್ನು ಕೂದಲೆಳೆಯಷ್ಟು ಸರಿಸುತ್ತ ಗಂಟೆಗಟ್ಟಲೆ ಕೂರುವ ಪ್ರಯೋಗಾಲಯಕ್ಕೇ ಆಕೆ ಹೋಗಲಿ ಎಂಬುದು ನನ್ನಾಸೆ, ಅದನ್ನೂ ಹೇಳಿದೆ.