ಮಗಳೇ, ಈ ನೀರನ್ನು ಕಾಯಿಸುವವರು ಯಾರು?

ನಿಮ್ಮ ಮನೆಯವರು ಯಾರಾದರೂ ಗಲ್ಫಿನಲ್ಲಿದ್ದರೆ ಅವರು ಕಳುಹಿಸಿದ ಫೋಟೊಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಅಲ್ ಐನ್‌ನ ಜಬಲ್ ಹಫೀತ್ ಬೆಟ್ಟದ ಬುಡದಲ್ಲಿ ಬಿಸಿನೀರಿಗೆ ಕಾಲು ಇಳಿಬಿಟ್ಟು ಕುಳಿತ ಚಿತ್ರ ಒಂದಾದರೂ ಇದ್ದೀತು. ಜೂನ್ ಕಳೆದರೆ ಒಮಾನಿನ ಸಲಾಲದ ಸರದಿ. ತುಂತುರು ಮಳೆ, ಹಸಿರು ಹುಲ್ಲು ನೋಡಲು ಮರುಭೂಮಿಯ ಜನ ನೂರಾರು ಕಿಲೋಮೀಟರ್ ಕಾರು ಓಡಿಸುತ್ತಾರೆ. ನಾವಾದರೋ ಬಟ್ಟೆ ಒಣಗುವುದಿಲ್ಲವೆಂದು ಅದೇ ಮಳೆಯನ್ನು ಬೈಯುತ್ತಿರುತ್ತೇವೆ!

ಬಿಸಿನೀರಿನ ಬುಗ್ಗೆಯೂ ನಮ್ಮಲ್ಲಿದೆ. ಪುತ್ತೂರಿನಿಂದ ಪಾಣಾಜೆ ಕಡೆಗೆ ಹೋಗುವಾಗ ಇರ್ದೆ ಗ್ರಾಮದಲ್ಲಿ, ಸೀರೆ ಹೊಳೆಯ ಬದಿಯಲ್ಲಿ ಬೆಂದ್ರ್ ತೀರ್ಥ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಹಿಂದೂ ಬಾಂಧವರು ಇಲ್ಲಿ ತೀರ್ಥಸ್ನಾನ ಮಾಡುತ್ತಾರೆ. ಆದ್ದರಿಂದ ಹೋದವರು ಆ ಮರ್ಯಾದೆಯನ್ನು ಮರೆಯಬಾರದು.

ನನ್ನ ಉಮ್ಮ ಹುಟ್ಟಿ ಬೆಳೆದದ್ದು ಪುತ್ತೂರಿನಲ್ಲೇ. ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಉಮ್ರಾ ನಿರ್ವಹಿಸಿ ಬಂದಿದ್ದಾರೆ, ಆದರೆ ಇರ್ದೆಯನ್ನು ನೋಡಿರಲಿಲ್ಲ. ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ, ಅಷ್ಟೇ. ಕಳೆದ ಜನವರಿಯಲ್ಲಿ ನಾನೇ ಕರೆದೊಯ್ದೆ. ಬುಗ್ಗೆಯ ನೀರಿಗೆ ಕೈಯದ್ದಿ, ತಟ್ಟನೆ ಹಿಂದಕ್ಕೆಳೆದುಕೊಂಡು, "ಇದನ್ನು ಕಾಯಿಸುವವರು ಯಾರು ಮಗಳೇ?" ಎಂದು ಕೇಳಿದರು. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿಯುತ್ತದೆ, ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿಯಂತೆ ನೆಲದ ಶಾಖ ಏರುತ್ತದೆ, ಕಾದ ನೀರು ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ ಎಂದು ವಿವರಿಸಿದೆ. ಉಮ್ಮ ಎಲ್ಲವನ್ನೂ ಕೇಳಿ "ಸುಬ್‌ಹಾನಲ್ಲಾಹ್" ಎಂದರು. ಸಂಚರಿಸಿ ಸೃಷ್ಟಿಯನ್ನು ನೋಡಲು ಕುರ್‌ಆನ್ ಹೇಳಿರುವುದು ಗಂಡಸರಿಗೆ ಮಾತ್ರವೇ?

ಒಂದು ಅಂಜಿಕೆ ನನಗಿದೆ. ಸುತ್ತಮುತ್ತ ಅಡಿಕೆ ತೋಟಗಳಿಗೆಂದು ಕೊಳವೆಬಾವಿಗಳು ಇನ್ನೂ ಆಳಕ್ಕೆ ಇಳಿಯುತ್ತಾ ಹೋದರೆ ಈ ಬುಗ್ಗೆ ಮೊಮ್ಮಕ್ಕಳ ಕಾಲಕ್ಕೆ ಉಳಿದೀತೇ?

ಇನ್ನೂ ಸಮಯವಿದ್ದರೆ ಉಪ್ಪಿನಂಗಡಿಗೆ ಹೋಗಿ. ಪುಷ್ಪಗಿರಿಯ ಕಾಡಿನಿಂದ ಸುಬ್ರಹ್ಮಣ್ಯ ಹಾಗೂ ಕಡಬ ಸೀಮೆಯನ್ನು ಹಾದು ಬರುವ ಕುಮಾರಧಾರೆ ಅಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸುಳ್ಯದ ಪಯಸ್ವಿನಿ ಮಾತ್ರ ಕಾಸರಗೋಡಿನ ಕಡೆಗೆ ತಿರುಗಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ಅದರ ಮೇಲೆ ಆರಂಬೂರಿನಲ್ಲಿ ಸುಳ್ಯದವರೇ ಆದ ಗಿರೀಶ್ ಭಾರದ್ವಾಜರು 1989ರಲ್ಲಿ ತೂಗುಸೇತುವೆ ಕಟ್ಟಿದರು. ಅದು ಅವರ ಮೊದಲನೆಯದು. ಬಳಿಕ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. ಮಳೆಗಾಲದಲ್ಲಿ ಹೊಳೆಯಾಚೆಯ ಮನೆಯಿಂದ ಹೆರಿಗೆಗೆ ಹೊರಟ ಹೆಣ್ಣಿನ ಪಾಡನ್ನು ಬಲ್ಲವರಿಗೆ ತೂಗುಸೇತುವೆಯ ಬೆಲೆ ಗೊತ್ತು.

ಒಂದು ಮಾತನ್ನು ಮಾತ್ರ ತಾಯಂದಿರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಮ್ಮ ಹೊಳೆಗಳಲ್ಲಿ ಮೇಲೆ ಮೊಣಕಾಲುದ್ದ ಕಾಣುವ ನೀರಿನ ಪಕ್ಕದಲ್ಲೇ ಆಳವಾದ ಗುಂಡಿ ಇರುತ್ತದೆ. ರಜೆಯಲ್ಲಿ ಈಜಲು ಹೋದ ಹುಡುಗರ ಮಯ್ಯಿತ್ ಮನೆಗೆ ಬಂದುದನ್ನು ನಾನು ಕಂಡಿದ್ದೇನೆ. ಘಟ್ಟದಲ್ಲಿ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿಯ ಜೋಡುಪಾಲದಲ್ಲಿ ಗುಡ್ಡವೇ ಜರಿದು ಬಂತಲ್ಲ! ಆದ್ದರಿಂದ ಹೊರಡುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು. ಕುಡಿಯುವ ನೀರು, ಬುತ್ತಿ, ನಮಾಝಿಗೆ ಒಂದು ಚಾಪೆ ಜೊತೆಗಿರಲಿ.

ಮುಂದೆ ತೊಡಿಕಾನದ ದೇವರಗುಂಡಿ ಜಲಪಾತ ನೋಡಬೇಕೆಂದು ಉಮ್ಮ ಹಟ ಹಿಡಿದಿದ್ದಾರೆ. ಮೊಣಕಾಲು ನೋವಿಗೆ ಎಣ್ಣೆ ತಿಕ್ಕುತ್ತಾ, ಮಳೆ ನಿಲ್ಲಲೆಂದು ಕಾಯುತ್ತಿದ್ದೇವೆ.