ಕಂಪ್ಯೂಟರ್ ಆಟದಲ್ಲಿಲ್ಲದ ಕೋಟೆಗಳು

ಪ್ರೌಢಶಾಲೆಯ ಹುಡುಗರಿಗೆ ಈಗ ಕೋಟೆ ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1999ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್’ ಆಟದ ಎರಡನೆಯ ಆವೃತ್ತಿಯನ್ನು ಇವತ್ತಿಗೂ ಆಡುವವರಿದ್ದಾರೆ. ಆಹಾರ, ಕಟ್ಟಿಗೆ, ಕಲ್ಲು, ಚಿನ್ನ ಕೂಡಿಸಬೇಕು, ಗೋಡೆ ಎಬ್ಬಿಸಬೇಕು, ಕಲ್ಲೆಸೆಯುವ ಯಂತ್ರ ತಂದು ಎದುರಾಳಿಯ ಗೋಡೆ ಕೆಡವಬೇಕು. ನನ್ನ ತರಗತಿಯ ಹುಡುಗನೊಬ್ಬ ದೂರದೇಶದ ಯುದ್ಧಗಳನ್ನೆಲ್ಲ ಬಣ್ಣಿಸಿ ಕೊನೆಗೆ, “ನಮ್ಮ ಕಡಿ ಇಂಥವು ಆಗಿದ್ವೇನ್ರಿ ಸರ್?” ಎಂದ. ಆಟ ಬಿಡಿಸಿರೆಂದು ಪಾಲಕರು ಹೇಳುತ್ತಲೇ ಇರುತ್ತಾರೆ. ಬಿಡಿಸುವುದಕ್ಕಿಂತ ಬಸ್ಸು ಹತ್ತಿಸುವುದು ಮೇಲೆಂದು ನನಗೆ ತೋರಿತು.

ಮೊದಲು ಯಾದಗಿರಿ. ಕೋಟೆ ಊರ ನೆತ್ತಿಯ ಮೇಲೆಯೇ ಇದೆ. ಮೆಟ್ಟಿಲು ಹತ್ತುವಾಗ ಹುಡುಗರ ಕಣ್ಣೆಲ್ಲ ತೋಪಿನ ಮೇಲೆ. ನಾನು ತೋರಿಸಿದ್ದು ಬಂಡೆಯ ನಡುವಿನ ಹೊಂಡಗಳನ್ನು. ಬಿರುಕಿಲ್ಲದ ಗ್ರಾನೈಟ್ ಬಂಡೆಯೊಳಗೆ ನೀರು ಇಂಗುವುದಿಲ್ಲ. ಮಳೆ ಬಿದ್ದದ್ದು ತಗ್ಗಿನಲ್ಲಿ ನಿಲ್ಲುತ್ತದೆ. ಕೋಟೆ ಕಟ್ಟುವವರು ಗೋಡೆಗಿಂತ ಮುಂಚೆ ನೋಡುತ್ತಿದ್ದದ್ದು ಇದನ್ನು. ಹುಡುಗರ ಆಟದಲ್ಲಿ ಸೈನಿಕರಿಗೆ ಬಾಯಾರಿಕೆಯೇ ಇಲ್ಲ!

ಭೀಮಾ ನದಿ ದಾಟಿದರೆ ಭೀಮಾ–ಕೃಷ್ಣೆಯರ ನಡುವಿನ ದೋಆಬ್ ಪ್ರದೇಶ. ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಫೋಟೋ ತೆಗೆದುಕೊಂಡು ಜನ ಮುಂದೆ ಹೋಗಿಬಿಡುತ್ತಾರೆ. ಸಮೀಪದ ಸಗರ ಗ್ರಾಮದಲ್ಲಿ ಇಳಿಯುವವರು ಕಡಿಮೆ. ಇಳಿಯಬೇಕು. ಗಂಡುಗಲಿ ಕುಮಾರರಾಮನ ಕಥೆ ಕೇಳದ ಕನ್ನಡಿಗರಿಲ್ಲ. ಅವನ ಮನೆತನ ಅಳಿದ ಯುದ್ಧದ ಕಿಡಿ ಹೊತ್ತಿದ್ದು ಈ ಸಗರದಲ್ಲಿ ಎಂಬುದು ಇಲ್ಲಿಯ ಮಕ್ಕಳಿಗೇ ಗೊತ್ತಿಲ್ಲ.

ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ಸೋದರಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಸಗರದ ಅಧಿಕಾರಿಯಾಗಿದ್ದ. 1326–27ರಲ್ಲಿ ಸುಲ್ತಾನನ ವಿರುದ್ಧವೇ ತಿರುಗಿಬಿದ್ದು, ಸೋತು, ತುಂಗಭದ್ರೆಯ ದಂಡೆಯ ಕಂಪಿಲಿಗೆ ಓಡಿದ. ಕಂಪಿಲಿಯ ದೊರೆ, ಕುಮಾರರಾಮನ ತಂದೆ, ಮರೆಹೊಕ್ಕವನನ್ನು ಒಪ್ಪಿಸಲು ಒಪ್ಪಲಿಲ್ಲ. ದಿಲ್ಲಿಯ ಸೈನ್ಯ ಬಂತು. ಗುರ್ಷಾಸ್ಪನನ್ನು ದ್ವಾರಸಮುದ್ರದ ಕಡೆ ಕಳಿಸಿ ದೊರೆ ಹೋರಾಡಿ ಮಡಿದ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ಹೊಯ್ಸಳ ಮೂರನೆಯ ಬಲ್ಲಾಳ ಮಾತ್ರ ಅವನನ್ನು ಹಿಡಿದು ಒಪ್ಪಿಸಿದ. ಗುರ್ಷಾಸ್ಪನ ಚರ್ಮ ಸುಲಿಸಿದ ಸಂಗತಿಯನ್ನು ಪ್ರವಾಸಿ ಇಬ್ನ್ ಬತೂತಾ ಬರೆದಿಟ್ಟಿದ್ದಾನೆ. ಇದನ್ನು ಹೇಳಿದಾಗ ಒಬ್ಬ ಹುಡುಗಿ, “ಒಪ್ಪಿಸಿದ್ರ ಕಂಪಿಲಿ ಉಳೀತಿತ್ತಲ್ರಿ?” ಎಂದಳು. ಉಳಿಯುತ್ತಿತ್ತೇನೋ. ಆದರೆ ಒಪ್ಪಿಸಿದ ಬಲ್ಲಾಳನಿಗೂ ನೆಮ್ಮದಿ ಸಿಗಲಿಲ್ಲವಲ್ಲ. ಮುಂದೆ ಅವನು ಸತ್ತದ್ದು ಮಧುರೆಯ ಸುಲ್ತಾನನ ಕೈಯಲ್ಲಿ.

ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಇದೇ ಸಗರ ಬೇಡ ನಾಯಕರ ನೆಲೆಯಾಗಿತ್ತು. 1687ರಲ್ಲಿ ಔರಂಗಜೇಬನ ಸೇನೆ ಅದನ್ನು ಕಿತ್ತುಕೊಂಡಿತು. ನಾಯಕ ಮನೆತನದ ಪಿಡ್ಡ ನಾಯಕ ಸುರಪುರದ ಹತ್ತಿರದ ವಾಗಣಗೇರಾದಲ್ಲಿ ಬೇರೂರಿದ. ಮಧ್ಯಯುಗ ಮುಗಿದಿತ್ತೆಂದು ಪಠ್ಯಪುಸ್ತಕ ಹೇಳೀತು, ಆದರೆ ನಮ್ಮ ಪ್ರವಾಸಕ್ಕೆ ಇದನ್ನು ಬಿಟ್ಟು ಅರ್ಥವಿಲ್ಲ.

1705ರ ಫೆಬ್ರವರಿಯಲ್ಲಿ ಸ್ವತಃ ಔರಂಗಜೇಬ್ ವಾಗಣಗೇರಾಕ್ಕೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಇದು. ತಗ್ಗಿನಿಂದ ಹೊಡೆಯುವ ತೋಪಿಗೆ ಗುಂಡಿನ ವೇಗದ ಒಂದು ಪಾಲು ಮೇಲೇರುವುದರಲ್ಲೇ ಸೋರಿಹೋಗುತ್ತದೆ. ಮೇಲಿನಿಂದ ಬೇಡರ ಬಂದೂಕಿಗೆ ಆ ತೊಂದರೆಯಿಲ್ಲ. ಅವರೋ ಗುರಿಗೆ ಹೆಸರಾದವರು. ಮೊಗಲರು ಹಿಡಿದಿದ್ದ ‘ಲಾಲ್ ಟೇಕಡಿ’ ಎಂಬ ದಿಬ್ಬವನ್ನೂ ಕಳೆದುಕೊಂಡರು. ಮಾರ್ಚಿನಲ್ಲಿ ಮರಾಠಾ ಸರದಾರ ಧನಾಜಿ ಜಾಧವ್ ಕುದುರೆ ದಂಡಿನೊಡನೆ ಬಂದ. ಕಾರಣ ಸರಳ: ಮರಾಠರ ಹೆಂಡಿರು ಮಕ್ಕಳು ಇಲ್ಲಿ ಆಶ್ರಯ ಪಡೆದಿದ್ದರು. ಮತ್ತೆ ಮರೆಹೊಕ್ಕವರೇ!

ಕೊನೆಗೆ ಜುಲ್ಫಿಕರ್ ಖಾನ್ ಬಂದು, ಒಳಗಿನವರು ನೀರು ಸೇದುತ್ತಿದ್ದ ಬಾವಿಗಳನ್ನು ಹಿಡಿದ. ಏಪ್ರಿಲ್ ಅಂತ್ಯದ ಬಿಸಿಲು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ರಾತ್ರಿ ನಾಯಕ ತನ್ನವರೊಡನೆ ಸದ್ದಿಲ್ಲದೆ ಹೊರಟುಹೋದ. ಮೊಗಲರು ಒಳಹೊಕ್ಕಾಗ ಕೋಟೆ ಬರಿದು, ಮನೆಗಳಿಗೆ ಬೆಂಕಿ. ಬಾದಶಹ ಪಕ್ಕದ ದೇವಾಪುರದ ಬೀಡಿನಲ್ಲಿ ಕಾಯಿಲೆ ಬಿದ್ದ. 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ನಾಯಕರು ಸುರಪುರದಿಂದ ಮತ್ತೂ ಒಂದೂವರೆ ಶತಮಾನ ಆಳಿದರು, 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಲ್ಲುವವರೆಗೆ.

ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ನೋಡಿ, ಹೊತ್ತಿರುವಾಗಲೇ ವಾಗಣಗೇರಾಕ್ಕೆ ಹೋಗಿ. ಮಕ್ಕಳಿಗೆ ನೋಟುಪುಸ್ತಕ, ದಿಕ್ಸೂಚಿ ಕೊಡಿ. ಕೋಟೆಯ ನಕ್ಷೆಯನ್ನು ಅವರೇ ಬರೆಯಲಿ, ಬಾವಿಗಳನ್ನು ಗುರುತಿಸಲು ಹೇಳಿ. ದಸರೆಯಿಂದ ಸಂಕ್ರಾಂತಿಯವರೆಗೆ ಒಳ್ಳೆಯ ಕಾಲ. ಬುತ್ತಿಯ ಜೊತೆಗೆ ಕುಡಿಯುವ ನೀರನ್ನು ಸುರಪುರದಲ್ಲೇ ತುಂಬಿಕೊಳ್ಳಿ.