ಕಾರ್ಯಕ್ರಮವಿಲ್ಲದ ಸಂಜೆಗಳು

ನಮ್ಮೂರ ವಾಚನಾಲಯದ ಹಿಂಬದಿಯಲ್ಲಿ ಹಂಚಿನದೊಂದು ಮಾಡು ಇದೆ. ಮೂರು ಬದಿಗೆ ಅರೆಗೋಡೆ, ನಾಲ್ಕನೆಯ ಬದಿ ತೆರೆದೇ ಇದೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಶನಿವಾರಗಳಲ್ಲಿ, ಅಲ್ಲಿ ಮಕ್ಕಳು ಚೆಂಡೆ ಮದ್ದಳೆ ಕಲಿಯುತ್ತಾರೆ. ತಿಂಗಳಿಗೊಮ್ಮೆ ತಾಳಮದ್ದಳೆ ನಡೆಯುತ್ತದೆ. ಟಿಕೇಟಿಲ್ಲ, ಪ್ರಾಯೋಜಕರಿಲ್ಲ. ಕೇಳಲು ಬರುವವರು ಇಪ್ಪತ್ತು ಮಂದಿ. ಮಳೆ ಜೋರಾದರೆ ಎಂಟು.

ಐಚ್ಛಿಕ ಕನ್ನಡದ ವಿದ್ಯಾರ್ಥಿಯಾಗಿದ್ದಾಗ ನಾನು ಅರ್ಥ ಹೇಳಲು ಕಲಿತದ್ದು ಅಲ್ಲಿಯೇ. ತರಗತಿಯಲ್ಲಿ ಕುಮಾರವ್ಯಾಸನ ಉದ್ಯೋಗಪರ್ವವನ್ನು ಓದಿದ್ದೆನೆಂಬ ಧೈರ್ಯದಿಂದ ಕೃಷ್ಣಸಂಧಾನದ ವಿದುರನ ಪಾತ್ರಕ್ಕೆ ಒಪ್ಪಿಕೊಂಡೆ. ನಾಲ್ಕನೆಯ ವಾಕ್ಯಕ್ಕೆ ಬಾಯಿ ಒಣಗಿತು. ಭಾಗವತರು ತಾಳವನ್ನು ಮಡಿಲಿಗಿಳಿಸಿ, “ಪುಸ್ತಕದ ಮಾತು ಮುಗಿಯಿತಲ್ಲ, ಇನ್ನು ನಿನ್ನ ಮಾತು ಆರಂಭಿಸು” ಎಂದರು. ನಿಮ್ಮಲ್ಲಿ ಯಾರಾದರೂ ಹಾಗೆ ನಾಲ್ಕು ಜನರೆದುರು ತಡವರಿಸಿದ್ದರೆ, ಎಡವಲು ಒಂದು ಜಾಗವಿರುವುದು ಎಷ್ಟು ದೊಡ್ಡ ಅನುಕೂಲವೆಂದು ಬಲ್ಲಿರಿ.

ಹಲವು ವರ್ಷಗಳ ಬಳಿಕ ನಾನೇ ಆ ಸಂಘದ ಕಾರ್ಯದರ್ಶಿಯಾದೆ. ಹಂಚು ಒಡೆದಿತ್ತು, ಎರಡು ಚೆಂಡೆಗಳ ಮುಚ್ಚಿಗೆ ಹರಿದಿತ್ತು, ಭಾಗವತರಿಗೆ ಬಸ್ಸಿನ ಖರ್ಚನ್ನಾದರೂ ಕೊಡಬೇಕಿತ್ತು. ಲೆಕ್ಕ ಹಾಕಿದರೆ ವರ್ಷಕ್ಕೆ 25,000 ರೂಪಾಯಿ ಸಾಕಿತ್ತು. ಸರಕಾರಿ ಅನುದಾನಕ್ಕೆ ಅರ್ಜಿ ಸಲ್ಲಿಸಿದೆವು. ಗಡಿಯವರ ಪಾಡು ನಿಮಗೆ ಹೊಸತಲ್ಲ: ಅರ್ಜಿಗೆ ಲಗತ್ತಿಸಬೇಕಾದ ದಾಖಲೆಗಳೆಲ್ಲ ಒಂದು ಭಾಷೆಯಲ್ಲಿ, ಅರ್ಜಿ ಇನ್ನೊಂದು ಭಾಷೆಯಲ್ಲಿ. ಅನುವಾದ ಮಾಡಿಕೊಟ್ಟವಳು ಮದ್ದಳೆ ಕಲಿಯುತ್ತಿದ್ದ ಹತ್ತನೆಯ ತರಗತಿಯ ಹುಡುಗಿ.

ಜನವರಿಯಲ್ಲಿ ಉತ್ತರ ಬಂತು. ಕೇಳಿದ್ದಕ್ಕಿಂತ ಇಮ್ಮಡಿ, 50,000 ರೂಪಾಯಿ! ಆದರೆ ಅದು ‘ಕಾರ್ಯಕ್ರಮ’ಕ್ಕೆ ಮಾತ್ರ. ದುರಸ್ತಿಗೆ, ಸಂಭಾವನೆಗೆ, ವಿದ್ಯುತ್ ಬಿಲ್ಲಿಗೆ ಬಳಸುವಂತಿಲ್ಲ. ಮಾರ್ಚ್ 31ರೊಳಗೆ ಖರ್ಚು ಮಾಡಿ, ಛಾಯಾಚಿತ್ರಗಳ ಸಹಿತ ಹಣಬಳಕೆ ಪ್ರಮಾಣಪತ್ರ ಸಲ್ಲಿಸಬೇಕು. ನಮ್ಮ ಕಲಿಕೆಯ ವರ್ಷ ಜೂನಿನಲ್ಲಿ ತೊಡಗಿ ದೀಪಾವಳಿಗೆ ಮುಗಿಯುತ್ತದೆ. ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ, ಹಿರಿಯರಿಗೆ ಜಾತ್ರೆ, ಕಲಾವಿದರಿಗೆ ರಾತ್ರಿಯಿಡೀ ಆಟ. ಆದರೂ ಬಂದ ಹಣವನ್ನು ಹಿಂದಿರುಗಿಸುವುದುಂಟೆ?

ಒಂದು ದಿನದ ಉತ್ಸವ ಮಾಡಿದೆವು. ಮಾಡಿನೊಳಗಲ್ಲ, ಅಲ್ಲಿ ಕುರ್ಚಿ ಹಿಡಿಸುವುದಿಲ್ಲವೆಂದು ಮೈದಾನದಲ್ಲಿ. ಶಾಮಿಯಾನ, ಧ್ವನಿವರ್ಧಕ, ಫ್ಲೆಕ್ಸು, ಶಾಲು, ಸ್ಮರಣಿಕೆ, ಊಟ. ಸಭಾಕಾರ್ಯಕ್ರಮ ಎರಡು ಗಂಟೆ ನಡೆಯಿತು. ಮಕ್ಕಳ ಚೆಂಡೆವಾದನಕ್ಕೆ ಹನ್ನೆರಡು ನಿಮಿಷ ಸಿಕ್ಕಿತು.

ಅಂದಿನ ತಾಳಮದ್ದಳೆಯೂ ಕೃಷ್ಣಸಂಧಾನವೇ. ನಮ್ಮ ಹಿರಿಯ ಅರ್ಥಧಾರಿಗಳು ವಿದುರನಾಗಿ ಕುಳಿತರೆಂದರೆ ರಾಜನ ಭಂಡಾರದ ಮಾತು ಬಂದೇ ಬರುತ್ತಿತ್ತು. ಭಂಡಾರ ಪ್ರಜೆಗಳದು, ಅರಸು ಅದರ ಬೀಗದ ಕಾವಲುಗಾರ ಮಾತ್ರ ಎಂದು ತೊಡಗಿ, ಹಸ್ತಿನಾವತಿಯಿಂದ ಮೆಲ್ಲನೆ ಜಾರಿ, ನಮ್ಮೂರ ತೋಡಿಗೆ ಇನ್ನೂ ಕಟ್ಟದ ಸೇತುವೆಯವರೆಗೆ ಬಂದು ಹಿಂದಿರುಗುತ್ತಿದ್ದರು. ಅದಕ್ಕಾಗಿಯೇ ಕಾದು ಕುಳಿತವರಿದ್ದರು. ಅಂದು ಮೊದಲ ಸಾಲಿನಲ್ಲಿ ಅನುದಾನ ಕೊಟ್ಟ ಕಚೇರಿಯವರಿದ್ದರು. ಅರ್ಥಕ್ಕೆ ಕುಳಿತುಕೊಳ್ಳುವ ಮೊದಲು ನಾನು ಅವರ ಬಳಿಗೆ ಹೋಗಿ, “ಈ ಹೊತ್ತು ಸೇತುವೆ ಬೇಡ ಅಣ್ಣ” ಎಂದೆ. ಅವರು ನನ್ನ ಮುಖ ನೋಡಿದರು, “ಆಯಿತು” ಎಂದರು. ವಿದುರ ಅಂದು ನೀತಿಯನ್ನಷ್ಟೇ ಹೇಳಿದ, ಚಪ್ಪಾಳೆಯೂ ಬಿತ್ತು.

ಯಾವ ಅಧಿಕಾರಿಯೂ ಅದನ್ನು ಕೇಳಿರಲಿಲ್ಲ. ಬಂದವರು ಸಜ್ಜನರು, ಸೇತುವೆಯ ಮಾತು ಕೇಳಿದ್ದರೆ ನಗುತ್ತಿದ್ದರೋ ಏನೋ. ಮುಂದಿನ ವರ್ಷದ ಅರ್ಜಿ ನನ್ನ ತಲೆಯಲ್ಲಿತ್ತು, ಅಷ್ಟೆ.

ಹಣವೆಲ್ಲ ಕಾರ್ಯಕ್ರಮಕ್ಕೇ ಸಂದಿತು. ಜೂನಿನಲ್ಲಿ ಮಾಡು ಮೊದಲಿನಂತೆಯೇ ಸೋರಿತು.

ಸಂಘದ ಅಧ್ಯಕ್ಷರಾದ ನಿವೃತ್ತ ಮಾಸ್ತರರು ಆರಂಭದಿಂದಲೂ ಅರ್ಜಿಗೆ ವಿರೋಧಿ. ಸರಕಾರದ ದುಡ್ಡು ಬಂತೆಂದರೆ ಊರವರ ಕೈ ಹಿಂದೆ ಸರಿಯುತ್ತದೆ, ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕಲೆ ಉಳಿದದ್ದು ಹರಕೆಯಿಂದ, ಅರ್ಜಿಯಿಂದಲ್ಲ ಎಂಬುದು ಅವರ ವಾದ. ಅರ್ಧ ಸತ್ಯವೆಂದು ನನಗೆ ಈಗಲೂ ಅನ್ನಿಸುತ್ತದೆ. ಆಟಕ್ಕೆ ಹರಕೆ ಹೊರುವವರಿದ್ದಾರೆ. ಆದರೆ ಹುಡುಗನೊಬ್ಬ ತಪ್ಪು ತಾಳ ಬಾರಿಸುತ್ತ ಕಳೆಯುವ ಒಂದು ಸಂಜೆಗಾಗಿ ಹರಕೆ ಹೊತ್ತವರನ್ನು ನಾನು ಕಂಡಿಲ್ಲ. ಮಾರುಕಟ್ಟೆಗೂ ಅದು ಬೇಡ, ದೇವರಿಗೂ ಬೇಡ. ಸಾರ್ವಜನಿಕರ ಹಣ ಸಲ್ಲಬೇಕಾದದ್ದು ಅಲ್ಲಿಗೇ ಅಲ್ಲವೆ?

ಹಾಗೆ ಸಲ್ಲುವ ವ್ಯವಸ್ಥೆ ಇಲ್ಲವೆಂದೂ ಅಲ್ಲ. ನಮ್ಮ ಮಾಡಿಗೆ ತಾಗಿಕೊಂಡೇ ಇರುವ ವಾಚನಾಲಯವನ್ನು ನೋಡಿ. 1945ರಲ್ಲಿ ಪಿ. ಎನ್. ಪಣಿಕ್ಕರರು ಅಂಬಲಪುಳದಲ್ಲಿ 47 ಗ್ರಂಥಾಲಯಗಳನ್ನು ಒಂದು ಸಂಘವಾಗಿ ಕೂಡಿಸಿದಾಗ ಅವೂ ಊರವರು ಕಟ್ಟಿದವೇ. ಈಗ 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಕಟ್ಟಡ ತೆರಿಗೆಯ ಪ್ರತಿಯೊಂದು ರೂಪಾಯಿಯ ಜೊತೆ 5 ಪೈಸೆಯ ಗ್ರಂಥಾಲಯ ಕರ ಸೇರಿರುತ್ತದೆ. ಊರಿನಲ್ಲಿ ಕಟ್ಟಡ ತೆರಿಗೆ ಕಟ್ಟುವ ಪ್ರತಿಯೊಬ್ಬನೂ, ಪುಸ್ತಕ ಮುಟ್ಟದವನೂ ಸಹ, ಅದನ್ನು ಕೊಡುತ್ತಾನೆ. ಗ್ರಂಥಾಲಯಗಳೇ ಚುನಾಯಿಸುವ ಪರಿಷತ್ತುಗಳು ತಾಲೂಕು, ಜಿಲ್ಲೆ, ರಾಜ್ಯ ಎಂಬ ಮೂರು ಹಂತಗಳಲ್ಲಿವೆ. ದರ್ಜೆ ನೋಡಿ ವರ್ಷವರ್ಷವೂ ಅನುದಾನ ಕೊಡುತ್ತಾರೆ. ಕನ್ನಡ ಪುಸ್ತಕಗಳ ಕಪಾಟಿಗೂ ಅದರಲ್ಲಿ ಪಾಲಿದೆ. ಹಣ ತಡವಾಗುವುದುಂಟು, ಗೊಣಗಾಟವೂ ಉಂಟು. ಆದರೆ ದರ್ಜೆ ನೋಡಲು ಬಂದವರ ಮುಂದೆ ನಮ್ಮ ಗ್ರಂಥಪಾಲಕ ಯಾವುದೇ ಪುಸ್ತಕವನ್ನು ಒಳಗಿಟ್ಟದ್ದನ್ನು ನಾನು ಕಂಡಿಲ್ಲ. ಕಾಯಿದೆಯಿಂದ ಬರುವ ಹಣಕ್ಕೆ ಯಾರಿಗೂ ಶಾಲು ಹೊದಿಸಬೇಕಾಗಿಲ್ಲ. ಕೃತಜ್ಞತೆಯ ಭಾರವಿಲ್ಲದವನು ಸೇತುವೆಯ ಮಾತೆತ್ತಬಲ್ಲ. ಕಲಿಕೆಯ ಮಾಡುಗಳಿಗೂ ಅಂಥದೊಂದು ಕರ ಏಕಿರಬಾರದೆಂದು ಕೇಳಿದರೆ, ಗೋದಾಮಿನಂತಹ ರಂಗಮಂದಿರ ಕಟ್ಟಿಕೊಡುತ್ತೇವೆನ್ನುವವರು ಸಿಗುತ್ತಾರೆ. ಅದರ ದೀಪದ ಬಿಲ್ಲು ಯಾರು ಕಟ್ಟುವುದೆಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಮರುವರ್ಷ ನಾವು ಅರ್ಜಿ ಹಾಕಲಿಲ್ಲ. ಅದು ಆದರ್ಶವೇನೂ ಅಲ್ಲ, ಮಾಸ್ತರರು ಸಹಿ ಹಾಕಲಿಲ್ಲ. ವಾಚನಾಲಯದ ಸಮಿತಿಯವರು ನಮ್ಮ ಸಂಘವನ್ನು ತಮ್ಮ ಕಲಾವಿಭಾಗವೆಂದು ದಾಖಲಿಸಿಕೊಂಡರು. ದೀಪದ ತಂತಿಯನ್ನು ಅವರ ಮೀಟರಿಗೆ ಜೋಡಿಸಿದೆವು. ಹಂಚಿಗೆ ಮಾತ್ರ ಇನ್ನೂ ದಾರಿಯಾಗಿಲ್ಲ. ಮನೆಮನೆಗೆ ಹೋಗಿ 100 ರೂಪಾಯಿಯಂತೆ ಎತ್ತುತ್ತಿದ್ದೇವೆ. ಮಾಸ್ತರರು ಹೇಳಿದ ಊರವರ ಕೈ ಮುಂದೆ ಬರುತ್ತದೆ, ಆದರೆ ಬಹಳ ನಿಧಾನವಾಗಿ.

ವಿದುರನ ಅರ್ಥಧಾರಿಗಳಲ್ಲಿ ನಾನು ಕ್ಷಮೆ ಕೇಳಿದ್ದು ಆ ಆಷಾಢದಲ್ಲಿ. “ಅದಿರಲಿ, ಈ ಶನಿವಾರ ನೀನೇ ವಿದುರ” ಎಂದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಅನುವಾದ ಮಾಡಿಕೊಟ್ಟ ಹುಡುಗಿ ಮದ್ದಳೆಯನ್ನು ಒಣಗಿದ ಮೂಲೆಗೆ ಸರಿಸಿ, ಸೋರುವಲ್ಲಿ ಬಾಲ್ದಿ ಇಟ್ಟು, ಶ್ರುತಿ ನೋಡಿದಳು. ಎದುರಿಗೆ ಒಂಬತ್ತು ಮಂದಿ ಕುಳಿತಿದ್ದರು. ಭಂಡಾರದ ಮಾತು ಬರುವವರೆಗೆ ನನ್ನ ಬಾಯಿ ಒಣಗಲಿಲ್ಲ.